ಗೆಳತಿಯ ಅಣ್ಣ

ಒಬ್ಬಳು ಹುಡುಗಿ. ಸದಾ ನಗುಮೊಗ, ನಿಲ್ಲದ ಮಾತು. ಅವಳಿಗೊಬ್ಬಳು ಜೀವದ ಗೆಳತಿ. ಆ ಗೆಳತಿಗೊಬ್ಬ ಅಣ್ಣ. ಅವನದು ಯಾವಾಗಲೂ ಗಂಟಿಕ್ಕಿದ ಹುಬ್ಬು, ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ, ಅದೂ ಸಿಡುಕಿನದು. ಮುನ್ನೂರು ಪುಟಗಳಲ್ಲಿ ಹುಡುಗಿ ಆ ಹುಬ್ಬಿನ ಗಂಟನ್ನು ಸಡಿಲಿಸುತ್ತಾಳೆ. ಕೊನೆಗೆ ಮದುವೆ, ಇಲ್ಲವೇ ಮದುವೆಯ ಮಾತು. ಕತೆ ಇಷ್ಟೇ. ಇಂಗ್ಲಿಷಿನ ಪ್ರೇಮ ಕಾದಂಬರಿಗಳ ಪೇಟೆಯಲ್ಲಿ ಇಂಥ ಕತೆಗೆ ಈಗ ಒಂದು ಹೆಸರೇ ಇದೆ, 'ಗ್ರಂಪಿ-ಸನ್‌ಶೈನ್' ಎಂದು. ಸಿಡುಕನೂ ಬಿಸಿಲಿನಂಥವಳೂ ಎಂದು ಕನ್ನಡ ಮಾಡಿದರೆ ನಮ್ಮ ಬಯಲುಸೀಮೆಯ ಓದುಗರಿಗೆ ಅರ್ಥ ತಿರುಗಿ ಬೀಳುತ್ತದೆ. ಮೋಡ ಕವಿದ ದೇಶದವರಿಗೆ ಬಿಸಿಲು ಎಂದರೆ ಸಂತೋಷ. ನಮಗೆ ಏಪ್ರಿಲ್ ತಿಂಗಳಲ್ಲಿ ಬಿಸಿಲೆಂದರೆ ಅದೇ ಸಿಡುಕು. ನಮ್ಮಲ್ಲಾಗಿದ್ದರೆ ಆ ಹುಡುಗಿಯನ್ನು ಬೆಳದಿಂಗಳು ಎನ್ನುತ್ತಿದ್ದರೋ ಏನೋ. ಅವನಿಗಂತೂ ನಮ್ಮ ದಖ್ಖನಿ ಮನೆಗಳಲ್ಲಿ ಹೆಸರು ಹುಡುಕಬೇಕಾಗಿಲ್ಲ: ಖಡೂಸ್.

'ಗೆಳತಿಯ ಅಣ್ಣ' ಎಂಬುದು ಆ ಪೇಟೆಯಲ್ಲಿ ಇನ್ನೊಂದು ಚೀಟಿ. 'ಅಣ್ಣನ ಗೆಳೆಯ' ಎಂಬುದು ಬೇರೆಯದೇ ಚೀಟಿ, ಅದರ ಓದುಗರೇ ಬೇರೆ. ಮಸಾಲೆ ಪೊಟ್ಟಣದ ಮೇಲೆ ಒಳಗೆ ಏನೇನಿದೆ ಎಂದು ಅಚ್ಚು ಹಾಕಿರುತ್ತಾರಲ್ಲ, ಹಾಗೆ ಪುಸ್ತಕ ಕೊಳ್ಳುವ ಮೊದಲೇ ಒಳಗಿರುವುದೆಲ್ಲ ಗೊತ್ತು. ಇದನ್ನು ಕಂಡು ಮೂಗು ಮುರಿಯುವವರ ಸಾಲಿನಲ್ಲಿ ನಾವಿಲ್ಲ. ಕೊನೆ ಗೊತ್ತಿದ್ದೂ ಓದುವುದು ಒಂದು ಸುಖ. ದಣಿದ ಹೆಣ್ಣುಮಕ್ಕಳಿಗೆ, ಈ ಸಲ ಯಾರೂ ಸಾಯುವುದಿಲ್ಲ, ಯಾರೂ ಕೈಬಿಡುವುದಿಲ್ಲ ಎಂಬ ಭರವಸೆ ಮೊದಲೇ ಬೇಕಾಗುತ್ತದೆ. ಲಂಡನ್ನಿನಲ್ಲಿ 1908ರಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನ ಶತಮಾನ ದಾಟಿ ಬದುಕಿರುವುದು ಈ ಭರವಸೆಯ ಮೇಲೆಯೇ.

ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಹೈಸ್ಕೂಲಿಗೆ ಕನ್ನಡ ಶಾಲೆ ಸೇರಿದವರು. ಹಾಗಾಗಿ ನಮಗೆ ಪ್ರೇಮಕತೆಗಳು ಎರಡು ದಿಕ್ಕಿನಿಂದ ಬಂದವು. ಬಲದಿಂದ ಎಡಕ್ಕೆ ಓದುವ 'ಪಾಕೀಜಾ ಆಂಚಲ್', 'ಖಾತೂನ್-ಎ-ಮಷ್ರಿಕ್' ಮುಂತಾದ ಮಾಸಿಕಗಳು, ಹೊದಿಕೆ ಹರಿದ ಎ.ಆರ್. ಖಾತೂನ್ ಮತ್ತು ರಜಿಯಾ ಬಟ್ ಕಾದಂಬರಿಗಳು ಮನೆಯ ಒಳಗಿನಿಂದ. ಎಡದಿಂದ ಬಲಕ್ಕೆ ಓದುವ ತ್ರಿವೇಣಿ, ಎಂ.ಕೆ. ಇಂದಿರಾ ಬೀದಿಯ ಬಾಡಿಗೆ ಲೈಬ್ರರಿಯಿಂದ. ಉರ್ದು ಕತೆಗಳ ತುಂಬ ದೊಡ್ಡ ದೊಡ್ಡ ಹವೇಲಿಗಳು, ಆ ಹವೇಲಿಗಳ ತುಂಬ ಚಾಚಾನ ಮಕ್ಕಳು, ಖಾಲಾನ ಮಕ್ಕಳು, ಮಾಮೂವಿನ ಮಕ್ಕಳು. ಅವರಲ್ಲೇ ಒಬ್ಬ ಮೂಗಿನ ತುದಿಯ ಮೇಲೆ ಸಿಟ್ಟಿಟ್ಟುಕೊಂಡವನು. ವಿಲಾಯತಿಯಿಂದ ಬಂದಿರುತ್ತಾನೆ, ಕೋಣೆಯ ಬಾಗಿಲು ಹಾಕಿಕೊಂಡು ಕೂತಿರುತ್ತಾನೆ, ಚಹಾ ತಣ್ಣಗಾಗಿದೆ ಎಂದು ರೇಗುತ್ತಾನೆ. ಇಂಗ್ಲಿಷಿನವರು ಈಗ ಚೀಟಿ ಅಂಟಿಸಿ ಮಾರುತ್ತಿರುವುದನ್ನು ನಮ್ಮ ಅಮ್ಮಂದಿರು ಒಲೆಯ ಮುಂದೆ ಕೂತು ಓದಿ ಮುಗಿಸಿದ್ದರು.

ಇಲ್ಲೊಂದು ವಿಷಯವನ್ನು ಗಮನಿಸಬೇಕು. ಹೆಣ್ಣುಮಗಳು ಅಪರಿಚಿತ ಗಂಡಸನ್ನು ನೋಡಲು, ಮಾತಾಡಲು ಅವಕಾಶವೇ ಇಲ್ಲದ ಸಮಾಜದಲ್ಲಿ ಪ್ರೇಮಕತೆ ಬರೆಯುವವರಿಗೆ ಒಂದು ದೊಡ್ಡ ಕಷ್ಟವಿದೆ: ಇಬ್ಬರನ್ನು ಎಲ್ಲಿ ಭೇಟಿ ಮಾಡಿಸುವುದು? ಒಂದೇ ಮನೆಯಲ್ಲಿ ಬೆಳೆದ ಸೋದರ ಸಂಬಂಧಿಗಳಾದರೆ ಕಷ್ಟವಿಲ್ಲ. ಅದು ಬಿಟ್ಟರೆ ಹುಡುಗಿ ಒಬ್ಬಳೇ ಹೋಗಬಹುದಾದ, ಅಬ್ಬಾ ಬೇಡ ಎನ್ನದ ಒಂದೇ ಒಂದು ಪರರ ಮನೆ ಎಂದರೆ ಗೆಳತಿಯ ಮನೆ. ಆ ಮನೆಯಲ್ಲಿ ಗೆಳತಿಯ ಅಣ್ಣನೂ ಇರುತ್ತಾನೆ. ಅವನು ಕಣ್ಣೆದುರು ಬರಬಾರದು, ಆದರೆ ಅವನ ಕೆಮ್ಮು ಕೇಳಿಸುತ್ತದೆ. ಅವನ ಚಪ್ಪಲಿ ಬಾಗಿಲಲ್ಲಿ ಇರುತ್ತದೆ. ಅವನು ಓದಿ ಬಿಟ್ಟ ಪುಸ್ತಕ ಗೆಳತಿಯ ಕೈಗೆ ಬಂದು, ಅಲ್ಲಿಂದ ಇವಳ ಕೈಗೆ ಬರುತ್ತದೆ. ಕತೆಗಾರರಿಗೆ ಇದಕ್ಕಿಂತ ಹೆಚ್ಚೇನು ಬೇಕು! ಗೆಳತಿಯ ಅಣ್ಣ ಎಂಬುದು ಬರಿಯ ಒಬ್ಬ ಗಂಡಸಲ್ಲ, ಪರ್ದಾ ಸಮಾಜದ ಗೋಡೆಯಲ್ಲಿದ್ದ ಒಂದು ಕಿಟಕಿ.

ಆದರೆ ಆ ಕಿಟಕಿಗೆ ಒಂದು ವಿಚಿತ್ರ ಪರದೆಯೂ ಇತ್ತು. ಗೆಳತಿಯ ಅಣ್ಣನನ್ನು ಕರೆಯುವುದು ಏನೆಂದು? ಕನ್ನಡದ ಹುಡುಗಿಗೆ ಅವನು 'ಅಣ್ಣ', ನಮ್ಮವರಿಗೆ 'ಭಾಯಿ'. ಉರ್ದು ಕಾದಂಬರಿಗಳಲ್ಲಿ ನಾಯಕಿ ಹತ್ತು ಅಧ್ಯಾಯಗಳುದ್ದಕ್ಕೂ ಭಾಯಿ ಭಾಯಿ ಎಂದು ಕರೆದವನನ್ನೇ ಹನ್ನೊಂದನೆಯ ಅಧ್ಯಾಯದಲ್ಲಿ ನಿಕಾಹ್ ಆಗುತ್ತಾಳೆ. ಇದನ್ನು ಹಿಡಿದು ನಗೆಯಾಡದ ಉರ್ದು ಓದುಗರಿಲ್ಲ. ಕಾದಂಬರಿಕಾರ್ತಿಯರಿಗೂ ಈ ತೊಡಕು ಗೊತ್ತಿತ್ತೆಂದು ಕಾಣುತ್ತದೆ. ಹುಡುಗಿಗೆ ಪ್ರೀತಿ ಹುಟ್ಟಿದ್ದನ್ನು ಅವರು ಬೇರೆ ಮಾತಿನಲ್ಲಿ ಹೇಳುವುದೇ ಇಲ್ಲ. ಅವಳು ಅವನನ್ನು ಕರೆಯುವುದನ್ನೇ ನಿಲ್ಲಿಸಿಬಿಡುತ್ತಾಳೆ. ಹೆಸರಿಲ್ಲ, ಭಾಯಿ ಇಲ್ಲ. 'ಕೇಳಿದಿರಾ' ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಾಳೆ. ಓದುವವರಿಗೆ ಅಷ್ಟೇ ಸಾಕು.

ಈ ಕಿಟಕಿ ನಮ್ಮ ಸಮಾಜದ ಸ್ವತ್ತೇನೂ ಅಲ್ಲ. ಪುಸ್ತಕಗಳನ್ನು ಸಾಲವಾಗಿ ಕೊಡುತ್ತಿದ್ದ ಕಾಲೇಜಿನ ಮೇಡಂ ಒಬ್ಬರ ದಯೆಯಿಂದ ನಾವು ಜೇನ್ ಆಸ್ಟಿನ್ ಓದಿದೆವು. ಸಿಡುಕ ನಾಯಕ ಎಂದೊಡನೆ ಎಲ್ಲರೂ 1813ರ 'ಪ್ರೈಡ್ ಅಂಡ್ ಪ್ರಿಜುಡೀಸ್'ನ ಡಾರ್ಸಿಯ ಹೆಸರು ಹೇಳುತ್ತಾರೆ. ಮೊದಲ ನೃತ್ಯದಲ್ಲೇ ಎಲಿಜಬೆತ್‌ಳ ಕಿವಿಗೆ ಬೀಳುವಂತೆ ಅವಳನ್ನು ಹಗುರವಾಗಿ ಆಡಿದವನು ಅವನು. ಆದರೆ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಅವಳ ಇನ್ನೊಂದು ಕಾದಂಬರಿ, 'ನಾರ್ಥ್ಯಾಂಗರ್ ಆಬಿ'. ಆಸ್ಟಿನ್ ಇದನ್ನು ತನ್ನ ಇಪ್ಪತ್ತರ ಹರೆಯದಲ್ಲೇ ಬರೆದಿದ್ದಳು. 1803ರಲ್ಲಿ ಹತ್ತು ಪೌಂಡಿಗೆ ಇದನ್ನು ಕೊಂಡ ಪ್ರಕಾಶಕ ಅಚ್ಚು ಮಾಡದೆ ಇಟ್ಟುಕೊಂಡ. ಹದಿಮೂರು ವರ್ಷದ ಮೇಲೆ ಅದೇ ಹತ್ತು ಪೌಂಡು ಕೊಟ್ಟು ಮನೆಯವರು ಹಸ್ತಪ್ರತಿಯನ್ನು ವಾಪಸು ಪಡೆದರು. ಪುಸ್ತಕ ಹೊರಬಂದದ್ದು 1817ರ ಡಿಸೆಂಬರಿನಲ್ಲಿ. ಆಸ್ಟಿನ್ ಅದೇ ವರ್ಷ ಜುಲೈಯಲ್ಲಿ ತೀರಿಹೋಗಿದ್ದಳು.

ಅದರ ನಾಯಕಿ ಹದಿನೇಳರ ಕ್ಯಾಥರಿನ್, ಕಾದಂಬರಿಗಳ ಹುಚ್ಚಿನ ಹುಡುಗಿ. ಬಾತ್ ನಗರಕ್ಕೆ ಬಂದ ಅವಳಿಗೆ ಗೆಳತಿಯರು ಇಬ್ಬರು, ಇಬ್ಬರಿಗೂ ಅಣ್ಣಂದಿರು. ಇಸಬೆಲಾ ಎಂಬವಳು ಕೈ ಕೈ ಹಿಡಿದು ಸುತ್ತುವವಳು, ಜೀವದ ಗೆಳತಿ ಎಂದು ದಿನಕ್ಕೆ ಹತ್ತು ಸಲ ಹೇಳುವವಳು. ಅವಳಿಗೆ ಬೇಕಾದದ್ದು ಕ್ಯಾಥರಿನ್‌ಳ ಅಣ್ಣ; ಅವನಿಗಿಂತ ಶ್ರೀಮಂತನೊಬ್ಬ ಕಂಡ ಕೂಡಲೇ ಅವನನ್ನೂ ಬಿಟ್ಟಳು. ಅವಳ ಅಣ್ಣ ತನ್ನ ಕುದುರೆಗಾಡಿಯ ಜಂಬ ಕೊಚ್ಚುವುದರಲ್ಲೇ ಮುಳುಗಿದವನು. ಇನ್ನೊಬ್ಬ ಗೆಳತಿ ಎಲಿನಾರ್. ತಾಯಿಯಿಲ್ಲದ ಮನೆ, ದರ್ಪದ ತಂದೆ, ಕಡಿಮೆ ಮಾತು. ಅವಳ ಅಣ್ಣ ಹೆನ್ರಿ ಸಿಡುಕನಲ್ಲ, ಮಾತಿನಮಲ್ಲ. ಆ ಮನೆಯ ಸಿಡುಕೆಲ್ಲ ತಂದೆ ಜನರಲ್ ಟಿಲ್ನಿಯ ಪಾಲಿಗೆ ಬಂದಿದೆ. ಕ್ಯಾಥರಿನ್ ಹೆನ್ರಿಯನ್ನು ಮೊದಲೇ ನೃತ್ಯಶಾಲೆಯಲ್ಲಿ ಕಂಡಿದ್ದಳು ನಿಜ, ಆದರೆ ಅವನ ಮನೆಯ ಹೊಸ್ತಿಲು ದಾಟಿದ್ದು ಎಲಿನಾರ್‌ಳ ಅತಿಥಿಯಾಗಿ.

ಎಲ್ಲರೂ ಕ್ಯಾಥರಿನ್‌ಳ ಕತೆ ಓದುತ್ತಾರೆ. ನಮ್ಮ ಕಣ್ಣು ಮಾತ್ರ ಎಲಿನಾರ್ ಮೇಲೆ. ಹುಡುಗಿ ಶ್ರೀಮಂತಳಲ್ಲ ಎಂದು ತಿಳಿದು ಜನರಲ್ ಅವಳನ್ನು ಮನೆಯಿಂದ ಹೊರಹಾಕಿದಾಗ, ಆ ಸುದ್ದಿಯನ್ನು ರಾತ್ರಿ ಅವಳ ಕೋಣೆಗೆ ಬಂದು ಹೇಳಬೇಕಾದವಳು ಎಲಿನಾರ್. ಎಪ್ಪತ್ತು ಮೈಲಿ ಹಾದಿ, ಒಂಟಿ ಹುಡುಗಿ. ಕೈಯಲ್ಲಿ ದುಡ್ಡಿದೆಯೋ ಇಲ್ಲವೋ ಎಂದು ನೆನಪಿಟ್ಟು ಕೇಳಿ ತನ್ನ ದುಡ್ಡು ಕೊಟ್ಟವಳೂ ಅವಳೇ. ಸುಖವಾಗಿ ತಲುಪಿದೆ ಎಂದು ಒಂದೇ ಒಂದು ಕಾಗದ ಬರೆ, ಅದೂ ನನ್ನ ದಾಸಿಯ ಹೆಸರಿಗೆ ಬರೆ ಎಂದು ಬೇಡಿಕೊಳ್ಳುತ್ತಾಳೆ. ಅಣ್ಣ ಆಗ ಊರಿನಲ್ಲೇ ಇಲ್ಲ. ಕೊನೆಯ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಎಲಿನಾರ್‌ಳಿಗೆ ಮದುವೆಯಾಗುತ್ತದೆ. ಅವಳೂ ಒಬ್ಬನನ್ನು ಬಹಳ ಕಾಲದಿಂದ ಪ್ರೀತಿಸುತ್ತಿದ್ದಳಂತೆ. ಅವನಿಗೆ ಈಗ ಆಸ್ತಿ, ಬಿರುದು ಬಂದಿದೆ. ಮಗಳು ದೊಡ್ಡ ಮನೆ ಸೇರಿದ ಖುಷಿಯಲ್ಲೇ ಜನರಲ್, ಮಗ ಕ್ಯಾಥರಿನ್‌ಳನ್ನು ಮದುವೆಯಾಗಲು ಒಪ್ಪುತ್ತಾನೆ. ಅಂದರೆ ನಾಯಕಿಯ ಮದುವೆಗೆ ಬಾಗಿಲು ತೆರೆದದ್ದು ಗೆಳತಿಯ ಮದುವೆ. ಇಷ್ಟಾದರೂ ಆಸ್ಟಿನ್ ಆ ಪ್ರೇಮಕ್ಕೆ ಕೊಟ್ಟದ್ದು ಒಂದು ಪ್ಯಾರಾ. ಆ ವರನಿಗೆ ಹೆಸರು ಕೂಡ ಇಲ್ಲ. ಅವನ ಆಳು ಬಿಟ್ಟುಹೋಗಿದ್ದ ಅಗಸರ ಬಟ್ಟೆ ಲೆಕ್ಕದ ಚೀಟಿಗಳನ್ನೇ ನಾಯಕಿ ಹಿಂದೊಮ್ಮೆ ಭಯಂಕರ ರಹಸ್ಯವೆಂದು ಓದಿದ್ದಳು ಎಂದು ಹೇಳಿ ನಗುತ್ತಾಳೆ. ಆಸ್ಟಿನ್ ಬೇಕೆಂದೇ ಮಾಡಿದ ತಮಾಷೆ ಅದು, ನಮಗೂ ಗೊತ್ತು. ಆದರೂ ಓದಿದಾಗಲೆಲ್ಲ ಎಲಿನಾರ್ ಆ ಮನೆಯಲ್ಲಿ ಗೆಳತಿಯಿಲ್ಲದೆ ಕಳೆದ ಆ ದಿನಗಳು ಹೇಗಿದ್ದವೋ ಎಂದು ಅನಿಸದೆ ಇರುವುದಿಲ್ಲ.

ಪಾಕಿಸ್ತಾನದ ಉಮೈರಾ ಅಹ್ಮದ್ ಅವರ 'ಪೀರ್-ಎ-ಕಾಮಿಲ್' ಕಾದಂಬರಿಯಲ್ಲೂ ಇದೇ ನೋಡಿ. ನಮ್ಮಲ್ಲಿ ಉರ್ದು ಬಲ್ಲ ಹೆಣ್ಣುಮಕ್ಕಳು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದ ಪುಸ್ತಕವಿದು. ವೈದ್ಯಕೀಯ ಓದುತ್ತಿರುವ ಇಮಾಮಾ ಮೊದಲು ಮನಸೋಲುವುದು ಗೆಳತಿ ಜೈನಬ್‌ಳ ಅಣ್ಣ ಜಲಾಲ್‌ನಿಗೆ, ಅವನು ಓದುವ ನಾತ್ ಕೇಳಿ. ಕಷ್ಟದ ಗಳಿಗೆಯಲ್ಲಿ ಜಲಾಲ್ ಹಿಂಜರಿಯುತ್ತಾನೆ, ಕತೆ ಬೇರೆ ಕಡೆ ಹೊರಳುತ್ತದೆ. ಜೈನಬ್‌ಳ ಪಾಡೇನು? ತನ್ನ ಅಣ್ಣ ಕೈಬಿಟ್ಟ ಹುಡುಗಿಯ ಗೆಳತಿಯಾಗಿ ಉಳಿಯುವುದು ಹೇಗೆ? ಅದು ಕತೆಗೆ ಬೇಕಾಗಿಲ್ಲ.

ನಮಗೆ ಬೇಕು. ಏಕೆಂದರೆ ನಾವು ಆ ಜಾಗದಲ್ಲಿ ಕೂತವರು. ಈ ಕತೆಯಲ್ಲಿ ನಾವು ನಾಯಕಿಯಲ್ಲ, ಗೆಳತಿ. ಅಣ್ಣ ನಮ್ಮವನು.

ಅವಳ ಹೆಸರು ಬೇಡ. ಈ ಪತ್ರಿಕೆ ಅವಳ ಮನೆಗೂ ಬರುತ್ತದೆ. ತುಂಗಭದ್ರೆಯ ದಂಡೆಯ ನಮ್ಮೂರಿನ ಕನ್ನಡ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳ ಮನೆಯಲ್ಲಿ ಕತೆ ಪುಸ್ತಕ ಓದುವುದು ಗುನಾಹ್ ಎಂಬ ಭಾವನೆ ಇತ್ತು, ಹಾಗಾಗಿ ಓದಲು ನಮ್ಮ ಮನೆಗೆ ಬರುತ್ತಿದ್ದಳು. ಅವಳ ನಗು ಬೀದಿಯ ತುದಿಯವರೆಗೆ ಕೇಳುತ್ತಿತ್ತು. ಹೆಣ್ಣು ಹಾಗೆ ನಗಬಾರದು ಎಂದು ಅಮ್ಮಿ ಹೇಳುತ್ತಿದ್ದರು, ಹೇಳುತ್ತಲೇ ತಾವೂ ನಗುತ್ತಿದ್ದರು.

ಅಣ್ಣನಿಗೆ ಪಿಯುಸಿ ಮುಗಿಯುವ ಮುಂಚೆಯೇ ಅಬ್ಬಾ ತೀರಿಕೊಂಡಿದ್ದರು. ಸೈಕಲ್ ಅಂಗಡಿ ಅವನ ತಲೆಗೆ ಬಿತ್ತು. ಪಂಕ್ಚರ್ ಹಾಕುವುದು, ಗಂಟೆಯ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವುದು, ವಾಪಸು ಬಾರದ ಸೈಕಲ್ಲನ್ನು ಹುಡುಕಿಕೊಂಡು ಓಣಿ ಓಣಿ ಅಲೆಯುವುದು. ಜನ ಲೂನಾ, ಟಿವಿಎಸ್ ಕೊಳ್ಳಲು ಶುರು ಮಾಡಿದ್ದ ಕಾಲ. ಬಾಡಿಗೆ ಸೈಕಲ್ಲಿನ ವ್ಯಾಪಾರ ಕಣ್ಣೆದುರೇ ಕರಗುತ್ತಿತ್ತು. ಕಾದಂಬರಿಯ ಸಿಡುಕರಿಗೆ ಎದೆಯಲ್ಲೊಂದು ಹಳೆಯ ಗಾಯವಿರುತ್ತದೆ, ಸಾಮಾನ್ಯವಾಗಿ ಹಿಂದಿನ ಪ್ರೇಮದ್ದು. ನಮ್ಮಣ್ಣನ ಗಾಯ ಅಬ್ಬಾನ ಉದ್ರಿ ಪುಸ್ತಕದಲ್ಲಿತ್ತು. ಯಾರು ಎಷ್ಟು ಕೊಡಬೇಕು, ನಾವು ಯಾರಿಗೆ ಎಷ್ಟು ಕೊಡಬೇಕು. ರಾತ್ರಿ ಅದನ್ನು ಹಿಡಿದು ಕೂತವನನ್ನು ಮಾತಾಡಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಗೆಳತಿ ಒಳಗಿರುವುದು ಗೊತ್ತಿದ್ದರೆ ಅವನು ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಎರಡು ಸಲ ಗಂಟೆ ಬಾರಿಸುತ್ತಿದ್ದ. ನಾವು ಒಳಕೋಣೆಗೆ ಸರಿಯುವಷ್ಟು ಹೊತ್ತು ನಿಂತು, ಆಮೇಲೆ ಕಾಲಿಡುತ್ತಿದ್ದ. ಆ ಗಂಟೆಯಲ್ಲೇ ಅವತ್ತಿನ ವ್ಯಾಪಾರ ಹೇಗಾಯಿತೆಂದು ಅವಳು ಹೇಳಲು ಕಲಿತಳು. 'ಇವತ್ತು ನಿಮ್ಮಣ್ಣನಿಗೆ ಯಾರೋ ದುಡ್ಡು ಕೊಟ್ಟಿಲ್ಲ ಕಣೇ' ಎನ್ನುತ್ತಿದ್ದಳು. ಬಹಳ ಸಲ ಅದು ನಿಜವಾಗಿರುತ್ತಿತ್ತು. ಒಮ್ಮೆ ಅವಳ ಸೈಕಲ್ಲಿನ ಚಕ್ರ ಕೂತುಹೋದಾಗ ಅವನು ಪಂಕ್ಚರ್ ಹಾಕಿ ಬಾಗಿಲ ಹೊರಗೆ ನಿಲ್ಲಿಸಿ, ಗೋಡೆಯ ಕಡೆ ಮುಖ ಮಾಡಿ ರೇಗಿದ: 'ಗಾಳಿ ಇಲ್ಲದೆ ಓಡಿಸಿದರೆ ಟ್ಯೂಬು ಹಾಳಾಗುತ್ತೆ. ವಾರಕ್ಕೊಮ್ಮೆ ಗಾಳಿ ಹಾಕಿಸೋಕೆ ಏನು ಧಾಡಿ?' ಅವರಿಬ್ಬರ ನಡುವೆ ಮದುವೆಗೆ ಮುಂಚೆ ನಡೆದ ಮಾತು ನಮಗೆ ಗೊತ್ತಿದ್ದಂತೆ ಇಷ್ಟೇ. ಅದಾದ ಮೇಲೆ ಅವಳು ವಾರ ವಾರ ತಪ್ಪದೆ ಗಾಳಿ ಹಾಕಿಸಲು ಅಂಗಡಿಯ ಮುಂದೆ ಹಾಯುತ್ತಿದ್ದಳು. ಮತ್ತು 'ನಿಮ್ಮಣ್ಣ' ಎನ್ನುವುದನ್ನು ನಿಲ್ಲಿಸಿದ್ದಳು.

1999ರಲ್ಲಿ ಅವಳಿಗೆ ಹೊರಗಿನಿಂದ ಪೈಗಾಮ್ ಬಂತು. ನಾವು ಅಮ್ಮಿಗೆ ಹೇಳಿದೆವು, ಅಮ್ಮಿ ಮಾಮೂವನ್ನು ಕಳಿಸಿದರು. ಸೈಕಲ್ ಅಂಗಡಿಯ ಹುಡುಗ ಎಂದು ಅವಳ ಮನೆಯವರು ಒಂದು ತಿಂಗಳು ಎಳೆದರು. ಅವಳು ಊಟ ಬಿಟ್ಟಳು, ಅತ್ತಳು, ಅವರು ಒಪ್ಪಿದರು. ನಮ್ಮ ಸಂಭ್ರಮಕ್ಕೆ ಪಾರವೇ ಇರಲಿಲ್ಲ. ಗೆಳತಿ ಇನ್ನು ಸಂಜೆ ಮಗ್ರಿಬ್‌ಗೆ ಮುಂಚೆ ಎದ್ದು ಹೋಗಬೇಕಾಗಿಲ್ಲ, ಇಲ್ಲೇ ಇರುತ್ತಾಳೆ! ಕಾದಂಬರಿಗಳೆಲ್ಲ ಇಲ್ಲಿಗೇ ಮುಗಿಯುತ್ತವೆ.

ಮದುವೆಯಾದ ಮೊದಲ ವಾರವೇ ಓಣಿಯ ಹಿರಿಯರೊಬ್ಬರು ನಮ್ಮನ್ನು ಕರೆದು ಬುದ್ಧಿ ಹೇಳಿದರು: ಇನ್ನು ಹೆಸರು ಹಿಡಿದು ಕರೆಯಬೇಡ, ಅವಳು ಭಾಬಿ. ನಮಗಿಂತ ಎರಡು ತಿಂಗಳು ಚಿಕ್ಕವಳು. ನಾವು 'ಭಾಬಿ' ಎಂದರೆ ಯಾರನ್ನು ಕರೆದರೆಂದು ಅವಳು ಹಿಂದೆ ತಿರುಗಿ ನೋಡುತ್ತಿದ್ದಳು. ಅವಳು ಅಡಿಗೆಮನೆಗೆ ಸೇರಿದಳು, ನಾವು ಆ ಮನೆಯ ಮಗಳಾಗಿ ಉಳಿದೆವು. ಮುಂಚೆ ಒಂದೇ ಚಾಪೆಯ ಮೇಲೆ ಕೂತು ಓದಿದವರು, ಈಗ ಅವಳು ತಂದ ಚಹಾ ನಾವು ಕುಡಿಯಬೇಕು. ಅವಳ ಬಗ್ಗೆ ಅಮ್ಮಿಯ ದೂರು ನಮ್ಮ ಒಂದು ಕಿವಿಗೆ, ಅಮ್ಮಿಯ ಬಗ್ಗೆ ಅವಳ ದೂರು ಇನ್ನೊಂದು ಕಿವಿಗೆ. ಇದೆಲ್ಲ ಎಲ್ಲ ಮನೆಯಲ್ಲೂ ಇದ್ದದ್ದೇ, ಇದನ್ನು ದೊಡ್ಡದು ಮಾಡಬೇಕಾಗಿಲ್ಲ.

ದೊಡ್ಡದು ಬೇರೆಯದು. ಮದುವೆಯಾದ ಹೆಣ್ಣುಮಗಳಿಗೆ ಗಂಡನ ಮೇಲೆ ಸಿಟ್ಟು ಬರುತ್ತದೆ. ಆಗ ಅದನ್ನು ಹೇಳಿಕೊಳ್ಳಲು ಒಬ್ಬಳು ಗೆಳತಿ ಬೇಕು. ಅವಳಿಗಿದ್ದ ಒಬ್ಬಳೇ ಗೆಳತಿ ಗಂಡನ ತಂಗಿ! ಹೇಳಿದರೆ ಅವನ ಮನೆಗೆ ಹೇಳಿದಂತೆ. ನಮಗೋ, ನಮ್ಮ ಮನೆಯ ಸಂಕಟ, ಅಣ್ಣನ ಸಿಡುಕು, ದುಡ್ಡಿನ ಪಾಡು ಎಲ್ಲವನ್ನೂ ಇಷ್ಟು ವರ್ಷ ಅವಳ ಮುಂದೆ ತೋಡಿಕೊಂಡಿದ್ದೆವು. ಈಗ ಆ ಮನೆ ಅವಳದೇ ಮನೆ. ದೂರಿದರೆ ಅವಳ ಗಂಡನನ್ನು ದೂರಿದಂತೆ. ಹೀಗೆ ಒಂದೇ ಸೂರಿನಡಿ ಇದ್ದೂ ಇಬ್ಬರಿಗೂ ಗೆಳತಿಯರಿಲ್ಲದಂತಾಯಿತು. 2001ರಲ್ಲಿ ನಮಗೆ ಮದುವೆಯಾಗಿ ಬೇರೆ ಊರಿಗೆ ಹೋದಾಗ ಅವಳು ಬಹಳ ಅತ್ತಳು. ಬೀಳ್ಕೊಡುವಾಗ ಅತ್ತದ್ದು ಅತ್ತಿಗೆಯೋ ಗೆಳತಿಯೋ ಎಂದು ನಮಗೆ ತಿಳಿಯಲಿಲ್ಲ.

ಅಣ್ಣ ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ಕುಡಿದವನಲ್ಲ, ದುಡಿದದ್ದನ್ನೆಲ್ಲ ಮನೆಗೆ ತಂದವನು. ಸೈಕಲ್ ಅಂಗಡಿಯನ್ನು ಬೈಕ್ ರಿಪೇರಿಯ ಅಂಗಡಿ ಮಾಡಿ ಸಾಲ ತೀರಿಸಿದ. ಆದರೆ ಮಾತು ಅಷ್ಟೇ, ಹುಬ್ಬು ಹಾಗೇ. ಹೊರಗಿನಿಂದ ಬಂದವನ ಮುಖ ನೋಡಿ ಆ ಹೊತ್ತಿನ ಹವೆ ತಿಳಿದುಕೊಂಡು, ಮಕ್ಕಳನ್ನು ಸುಮ್ಮನಾಗಿಸಿ, ಒಂದು ತಮಾಷೆ ಮಾಡಿ ಮನೆಯನ್ನು ಹಗುರ ಮಾಡುವುದು ಅವಳ ದಿನದ ಕೆಲಸವಾಯಿತು, ಪಾತ್ರೆ ತೊಳೆಯುವಂತೆ, ನೀರು ತುಂಬುವಂತೆ. ಇನ್ನೊಬ್ಬರ ಎದುರು ನಗುಮುಖ ತೋರುವುದೂ ಸದಖಾ ಎಂದು ಪ್ರವಾದಿವರ್ಯರು ಕಲಿಸಿದ್ದಾರೆಂದು ಅಮ್ಮಿ ಒಮ್ಮೆ ಹೇಳಿದರು. 'ಹಾಗಾದರೆ ಈ ಮನೆಯ ಸದಖಾ ಎಲ್ಲ ನನ್ನ ಲೆಕ್ಕದಲ್ಲೇ ಇದೆ' ಎಂದಳು. ಎಲ್ಲರೂ ನಕ್ಕರು, ಅಣ್ಣನನ್ನು ಬಿಟ್ಟು.

ಸಿಡುಕು ಗಂಡಸಿಗಿದ್ದರೆ ಗಾಂಭೀರ್ಯ, ಹೆಂಗಸಿಗಿದ್ದರೆ ರೋಗ. ಇದನ್ನು ತಿರುವುಮುರುವು ಮಾಡಿ ನೋಡಿದವರೂ ಉಮೈರಾ ಅಹ್ಮದ್ ಅವರೇ. ಅವರ 'ಜಿಂದಗಿ ಗುಲ್ಜಾರ್ ಹೈ'ಯಲ್ಲಿ ಸಿಡುಕು ಹುಡುಗಿಯದು, ನಗು ಹುಡುಗನದು. ಮೂವರೂ ಹೆಣ್ಣುಮಕ್ಕಳೇ ಆದರೆಂದು ಇನ್ನೊಂದು ಮದುವೆ ಮಾಡಿಕೊಂಡ ತಂದೆ, ಶಾಲೆಯಲ್ಲಿ ದುಡಿದು ಮಕ್ಕಳನ್ನು ಸಾಕಿದ ತಾಯಿ. ಹಿರಿಯ ಮಗಳು ಕಶಫ್ ಲೋಕದ ಮೇಲೆಲ್ಲ ಹುಬ್ಬು ಗಂಟಿಕ್ಕಿದವಳು. ಶ್ರೀಮಂತರ ಮನೆಯ ಜಾರೂನ್ ಸಲೀಸಾಗಿ ನಗುವವನು. ಅಳಲು ಕಾರಣವೇ ಇಲ್ಲದವನಿಗೆ ನಗು ಯಾವ ಕಷ್ಟ! 2012-13ರಲ್ಲಿ ಪಾಕಿಸ್ತಾನದ ಹಮ್ ಟಿವಿಯಲ್ಲಿ ಧಾರಾವಾಹಿಯಾಗಿ ಬಂದ ಈ ಕತೆಯನ್ನು 2014ರಲ್ಲಿ ಜಿಂದಗಿ ವಾಹಿನಿ ನಮ್ಮ ದೇಶದಲ್ಲೂ ತೋರಿಸಿತು. ಸನಮ್ ಸಯೀದ್ ಮತ್ತು ಫವಾದ್ ಖಾನ್ ನಮ್ಮ ಓಣಿಯಲ್ಲಿ ಮನೆಮಾತಾದರು. ಕಶಫ್‌ಳ ಸಿಡುಕು ನಮಗೆ ಬಹಳ ಹಿಡಿಸಿತು. ಆದರೆ ಗಮನಿಸಿ, ಗಂಡು ಸಿಡುಕನಿಗೆ ಪ್ರೀತಿಸುವವಳು ಸಿಕ್ಕರೆ ಸಾಕು. ಹೆಣ್ಣು ಸಿಡುಕಿಗೆ ಅಷ್ಟು ಸಾಲದು. ಅವಳು ಕೃತಜ್ಞತೆಯ ಪಾಠವನ್ನೂ ಕಲಿಯಬೇಕು, ಬದುಕು ಹೂದೋಟ ಎಂದು ಒಪ್ಪಿಕೊಳ್ಳಬೇಕು.

ಕನ್ನಡದ ತ್ರಿವೇಣಿ ಈ ವಿಷಯದಲ್ಲಿ ಹೆಚ್ಚು ಗಟ್ಟಿಗಿತ್ತಿ ಎನಿಸುತ್ತದೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಚಿತ್ರ ಮಾಡಿದ ಅವರ 'ಬೆಳ್ಳಿಮೋಡ'ದ ಇಂದಿರಾಳನ್ನು ನೆನೆಸಿಕೊಳ್ಳಿ. ಆಸ್ತಿ ಕೈತಪ್ಪುತ್ತದೆಂದು ತನ್ನನ್ನು ಬಿಟ್ಟವನು ಪೆಟ್ಟಾಗಿ ಮಲಗಿದಾಗ ಆರೈಕೆ ಮಾಡುತ್ತಾಳೆ. ಅವನು ಮನಸ್ಸು ಬದಲಿಸಿ ಬಂದಾಗ ಒಲ್ಲೆ ಎನ್ನುತ್ತಾಳೆ. ಆರೈಕೆಗೂ ಮದುವೆಗೂ ನಡುವೆ ಒಂದು ಗೆರೆ ಇದೆ ಎಂದು ನಾವಿಬ್ಬರೂ ಆ ಒಳಕೋಣೆಯಲ್ಲಿ ಕೂತು ಓದಿದ್ದೆವು.

2011ರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಣ್ಣ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ರಾತ್ರಿ ಬಸ್ಸಿಗೆ ಹೇಳದೆ ಕೇಳದೆ ಬಂದಿದ್ದ. ಅದಕ್ಕೆ ಮೂರು ತಿಂಗಳ ಹಿಂದೆ ಅವಳಿಗೆ ಹೊಟ್ಟೆಯಲ್ಲೇ ಮಗು ಹೋಗಿತ್ತು. ಆಮೇಲೆ ಎದ್ದು ಓಡಾಡಿದಳು, ಅಡಿಗೆ ಮಾಡಿದಳು, ಮಕ್ಕಳನ್ನು ಶಾಲೆಗೆ ಕಳಿಸಿದಳು. ಎಲ್ಲರೂ ಸರಿಹೋದಳೆಂದೇ ತಿಳಿದಿದ್ದರು. ಅಣ್ಣ ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ ನೆಲ ನೋಡುತ್ತಾ ಹೇಳಿದ: 'ಅವಳು ನಗ್ತಾ ಇಲ್ಲ. ಮನೆ ಹೇಗೋ ಆಗಿದೆ. ನನಗೆ ಏನು ಮಾಡಬೇಕೋ ಗೊತ್ತಾಗ್ತಾ ಇಲ್ಲ. ನೀನು ಬಾ.' ನಮಗೆ ತಿಳಿದ ಮಟ್ಟಿಗೆ ಅವನು ಒಂದೇ ಉಸಿರಿನಲ್ಲಿ ಆಡಿದ ಅತಿ ದೊಡ್ಡ ಮಾತು ಅದು.

ಕಾದಂಬರಿಯಲ್ಲಾಗಿದ್ದರೆ ಅವನೇ ಏನಾದರೂ ತಮಾಷೆ ಮಾಡಿ ಅವಳನ್ನು ನಗಿಸುತ್ತಿದ್ದ. ಅದು ಅವನಿಂದ ಆಗುವ ಕೆಲಸವಲ್ಲ. ಅವನಿಗಾದದ್ದು ಬಸ್ಸು ಹತ್ತುವುದು. ಅದನ್ನು ನಾವು ಕಡಿಮೆ ಎಂದೂ ಹೇಳುವುದಿಲ್ಲ.

ಹೋದೆವು, ಎಂಟು ದಿನ ಇದ್ದೆವು. ನಾಲ್ಕನೆಯ ದಿನ ತಾರಸಿಯ ಮೇಲೆ ಗೋಧಿ ಹರವುತ್ತಿದ್ದಾಗ ಅವಳು ತಲೆ ಎತ್ತದೆ ಕೇಳಿದಳು: 'ನಿಮ್ಮಣ್ಣನ ಮೇಲೆ ನನಗೆ ಎಷ್ಟು ಸಿಟ್ಟಿದೆ ಗೊತ್ತೇನೇ ನಿನಗೆ?' ಹನ್ನೆರಡು ವರ್ಷದ ಮೇಲೆ ಅವಳ ಬಾಯಲ್ಲಿ 'ನಿಮ್ಮಣ್ಣ' ಎಂಬ ಮಾತು ಕೇಳಿದೆವು. 'ಹೇಳು' ಎಂದೆವು. ಗೋಧಿ ಒಣಗಿ ಮತ್ತೆ ಮೂಟೆ ಕಟ್ಟುವವರೆಗೂ ಹೇಳಿದಳು. ನಡುವೆ ಎಲ್ಲಿಯೂ ನಾವು ಅವನ ಪರ ಮಾತಾಡಲಿಲ್ಲ, ಅವಳ ಪರವೂ ಮಾತಾಡಲಿಲ್ಲ. ಅದರಲ್ಲಿ ಕೆಲವು ಮಾತು ತಂಗಿಯಾದವಳಿಗೆ ಕೇಳಲು ಸುಲಭವಾಗಿರಲಿಲ್ಲ. ಸಂಜೆ ಕೆಳಗೆ ಬೈಕಿನ ಹಾರ್ನ್ ಎರಡು ಸಲ ಕೇಳಿತು. ಅಣ್ಣನ ಗಂಟೆಯ ಅಭ್ಯಾಸ ಹಾರ್ನಿಗೆ ಬಂದಿದೆ. 'ಇವತ್ತು ಯಾರೋ ದುಡ್ಡು ಕೊಟ್ಟಿದ್ದಾರೆ' ಎಂದಳು. ನಕ್ಕಳೆಂದು ಬರೆದರೆ ಕತೆಯಾಗುತ್ತದೆ, ನಗಲಿಲ್ಲ. ನಕ್ಕದ್ದು ಅದಾಗಿ ಬಹಳ ದಿನದ ಮೇಲೆ, ನಾವಿಲ್ಲದಾಗ, ಯಾವುದಕ್ಕೆಂದು ಅವಳಿಗೂ ನೆನಪಿಲ್ಲ.

ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿದೆ. ಫೋನು ಮಾಡಿದಾಗ ಮೊದಲ ಹತ್ತು ನಿಮಿಷ ಅವಳು ಭಾಬಿಯಲ್ಲ, ನಾವು ನಣಂದಿ ಅಲ್ಲ. ಆ ಹತ್ತು ನಿಮಿಷದಲ್ಲಿ ಅವಳ ಗಂಡನನ್ನು ಅವಳು ಬೈಯಬಹುದು, ನಮ್ಮಣ್ಣನನ್ನು ನಾವು ಬೈಯಬಹುದು, ಹೇಳಿದ್ದು ಎರಡು ಮನೆಗಳಿಗೂ ಮುಟ್ಟುವುದಿಲ್ಲ. ಹೆಚ್ಚಿನ ದಿನ ಓದಿದ ಪುಸ್ತಕದ ಮಾತೇ ಆಗಿಬಿಡುತ್ತದೆ. ಇಂಗ್ಲಿಷಿನ ಆ ಹೊಸ ಕಾದಂಬರಿಯ ಕತೆಯನ್ನು ಮೊನ್ನೆ ಅವಳಿಗೆ ಹೇಳಿದೆವು: ನಗುವ ಹುಡುಗಿ, ಸಿಡುಕ, ಗೆಳತಿಯ ಅಣ್ಣ. ಅವಳು ಪೂರ್ತಿ ಕೇಳಿ, 'ಆಮೇಲೆ ಗೆಳತಿಗೆ ಏನಾಯಿತು?' ಎಂದಳು. ಪುಸ್ತಕದಲ್ಲಿಲ್ಲ ಎಂದೆವು. 'ಹೌದಾ' ಎಂದವಳೇ ಅವಳ ಮಗಳ ಪರೀಕ್ಷೆಯ ವಿಷಯಕ್ಕೆ ಹೋದಳು, ಅಲ್ಲಿಂದ ಉಪ್ಪಿನಕಾಯಿಗೆ, ಅಲ್ಲಿಂದ ಹೈಸ್ಕೂಲಿನ ಹಳೆಯ ಟೀಚರೊಬ್ಬರು ಸಂತೆಯಲ್ಲಿ ಸಿಕ್ಕ ಸುದ್ದಿಗೆ. ಹತ್ತು ನಿಮಿಷ ಯಾವಾಗ ಮುಗಿಯಿತೋ ಇಬ್ಬರಿಗೂ ತಿಳಿಯಲಿಲ್ಲ.